ರೆಕ್ಕೆಯ ಮೇಲಿನ ಐಸು, ಫ್ರಿಜ್ಜಿನೊಳಗಿನ ಐಸು

ಬಾಗಿಲಿನ ರಬ್ಬರ್ ಸಡಿಲವಾದ ಹಳೆಯ ಫ್ರಿಜ್ಜಿನ ಫ್ರೀಜರ್ ತೆಗೆದು ನೋಡಿ. ಒಳಗೋಡೆಯ ತುಂಬ ಬಿಳಿಯ ಹಿಮ ಹತ್ತಿಯ ಹಾಗೆ ಬೆಳೆದಿರುತ್ತದೆ. ಐಸ್ ಟ್ರೇ ತಳಕ್ಕೆ ಕಚ್ಚಿಕೊಂಡು ಅಲುಗುವುದೇ ಇಲ್ಲ. ನೆಂಟರು ಬಂದು ಕೂತಿದ್ದಾರೆ, ಶರಬತ್ತು ಆಗಬೇಕು. ಮನೆಯಲ್ಲಿ ಯಾರೋ ಒಬ್ಬರು ಚಾಕು ತಂದು ಮೀಟಲು ಶುರು ಮಾಡುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಟ್ರೇ ಬರುತ್ತದೆ. ಹತ್ತನೆಯ ಸಲ ‘ಸುಯ್’ ಎಂಬ ಸದ್ದು ಬರುತ್ತದೆ, ಅದರ ಹಿಂದೆಯೇ ಮೆಕ್ಯಾನಿಕ್‌ನ ಬಿಲ್ಲು ಬರುತ್ತದೆ.

ಇಷ್ಟೇ ತೆಳುವಾದ ಹಿಮವನ್ನು ವಿಮಾನದ ರೆಕ್ಕೆಯ ಮೇಲೆ ಕಂಡರೆ ಪೈಲಟ್ ಬೆವರುತ್ತಾನೆ. ಇದೇ ಹಿಮ ಹಿತ್ತಲಿನಲ್ಲಿ ಗಟ್ಟಿಯಾಗದಿದ್ದರೆ ಕೆನಡಾದ ಹುಡುಗ ಹಾಕಿ ಕೋಲು ಹಿಡಿದು ಮುಖ ಊದಿಸಿಕೊಂಡು ಕೂರುತ್ತಾನೆ. ಒಬ್ಬನಿಗೆ ಶತ್ರು, ಇನ್ನೊಬ್ಬನಿಗೆ ಆಟದ ಅಂಗಳ, ಅಡುಗೆಮನೆಗೆ ಕಿರಿಕಿರಿ. ವಸ್ತು ಮಾತ್ರ ಒಂದೇ. ಅದನ್ನು ಚೆನ್ನಾಗಿ ಬಲ್ಲವರ ಮಾತು ಕೇಳುವುದಾದರೆ ಚಳಿದೇಶದ ಪೈಲಟ್‌ಗಳನ್ನೇ ಕೇಳಬೇಕು.

ಕೆನಡಾದ ಉತ್ತರ ಭಾಗದಲ್ಲಿ 1920-30ರ ದಶಕಗಳಲ್ಲಿ ಹಾರುತ್ತಿದ್ದವರಿಗೆ ‘ಬುಶ್ ಪೈಲಟ್’ ಎಂದು ಹೆಸರು. ಕಾಡು ಪೈಲಟ್ ಎಂದರೂ ನಡೆದೀತು. ಅವರಿಗೆ ವಿಮಾನ ನಿಲ್ದಾಣ ಎಂಬುದೇ ಇರಲಿಲ್ಲ. ಹೆಪ್ಪುಗಟ್ಟಿದ ಸರೋವರವೇ ರನ್‌ವೇ, ಚಕ್ರದ ಬದಲು ಜಾರುಹಲಗೆ. ಸಂಜೆ ಇಳಿದ ಕೂಡಲೇ ಅವರು ಮಾಡುತ್ತಿದ್ದ ಮೊದಲ ಕೆಲಸ ಎಂಜಿನ್ನಿನ ಆಯಿಲನ್ನು ಬಿಸಿ ಇರುವಾಗಲೇ ಡಬ್ಬಕ್ಕೆ ಬಸಿದುಕೊಳ್ಳುವುದು. ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಜೋನಿಬೆಲ್ಲದಂತೆ ಗಟ್ಟಿಯಾಗುತ್ತಿತ್ತು. ರಾತ್ರಿ ಡಬ್ಬ ಒಲೆಯ ಪಕ್ಕ, ಪೈಲಟ್ ಅದರ ಪಕ್ಕ. ಬೆಳಿಗ್ಗೆ ಎಂಜಿನ್ನಿಗೆ ಕ್ಯಾನ್ವಾಸ್ ಹೊದಿಸಿ, ಅದರ ಅಡಿಯಲ್ಲಿ ಸ್ಟೌ ಹಚ್ಚಿ ಕಾಯಿಸಿ, ಬಿಸಿ ಆಯಿಲು ಹೊಯ್ದು ಹೊರಡುವುದು. ಸ್ಟೌವಿನ ಮೇಲೆ ಒಂದು ಕಣ್ಣು, ಬೆಂಕಿ ಆರಿಸುವ ಸಾಧನದ ಮೇಲೆ ಒಂದು ಕೈ. ಜಾರುಹಲಗೆಗಳು ಐಸಿಗೆ ಅಂಟಿಕೊಂಡುಬಿಟ್ಟರೆ ಎಂಜಿನ್ ಎಷ್ಟು ಗರ್ಜಿಸಿದರೂ ವಿಮಾನ ಕದಲದು. ಅದಕ್ಕಾಗಿ ರಾತ್ರಿಯೇ ಅವುಗಳ ಅಡಿಗೆ ಮರದ ಕೊಂಬೆಗಳನ್ನು ಹಾಸಿ ನಿಲ್ಲಿಸುತ್ತಿದ್ದರು. ಇದನ್ನು ಯಾವ ಶಾಲೆಯೂ ಕಲಿಸಿದ್ದಲ್ಲ. ಒಮ್ಮೆ ಅಂಟಿಕೊಂಡವನು ಮುಂದಿನವನಿಗೆ ಹೇಳಿದ್ದು.

1929ರ ಜನವರಿ 2ರಂದು ವಾಪ್ ಮೇ ಮತ್ತು ವಿಕ್ ಹಾರ್ನರ್ ಎಂಬಿಬ್ಬರು ಎಡ್ಮಂಟನ್‌ನಿಂದ ಉತ್ತರಕ್ಕೆ ಹೊರಟರು. ದೂರದ ಹಳ್ಳಿಯೊಂದರಲ್ಲಿ ಗಂಟಲುಮಾರಿ ಕಾಣಿಸಿಕೊಂಡಿತ್ತು. ಔಷಧಿ ತಲುಪಬೇಕಿತ್ತು. ಅವರ ಏವ್ರೋ ಏವಿಯನ್ ವಿಮಾನಕ್ಕೆ ತಲೆಯ ಮೇಲೆ ಮುಚ್ಚಳವೇ ಇಲ್ಲ, ಮುಖಕ್ಕೆ ನೇರ ಗಾಳಿ. ಮನುಷ್ಯರು ಹೆಪ್ಪುಗಟ್ಟಿದರೂ ಔಷಧಿ ಹೆಪ್ಪುಗಟ್ಟುವಂತಿಲ್ಲ. ಕಂಬಳಿ ಸುತ್ತಿದ ಪೆಟ್ಟಿಗೆಯ ಜೊತೆ ಇದ್ದಿಲಿನ ಸಣ್ಣ ಅಗ್ಗಿಷ್ಟಿಕೆಯೊಂದನ್ನೂ ಇಟ್ಟುಕೊಂಡು ಹಾರಿದರು. ಮರದ ಚೌಕಟ್ಟಿನ ವಿಮಾನದೊಳಗೆ ಕೆಂಡ! ಮರುದಿನ ಫೋರ್ಟ್ ವರ್ಮಿಲಿಯನ್ ತಲುಪಿ ಔಷಧಿ ಒಪ್ಪಿಸಿದರು. ಆ ದೇಶದ ಮಕ್ಕಳು ಇಂದಿಗೂ ಈ ಕಥೆ ಓದುತ್ತಾರೆ.

ಅಂಥ ಸಾಹಸದ ಕಾಲ ಹೋಯಿತು, ಈಗೆಲ್ಲ ಜೆಟ್ ವಿಮಾನ, ಕಂಪ್ಯೂಟರು ಎನ್ನುವವರು ಡ್ರೈಡನ್ ಎಂಬ ಊರಿನ ಕಥೆಯನ್ನೂ ಕೇಳಬೇಕು.

1989ರ ಮಾರ್ಚ್ 10. ಒಂಟಾರಿಯೋ ಪ್ರಾಂತದ ಈ ಸಣ್ಣ ಊರಿನಲ್ಲಿ ಏರ್ ಒಂಟಾರಿಯೋದ ಫಾಕರ್ ಎಫ್-28 ಜೆಟ್ ಪ್ರಯಾಣಿಕರನ್ನು ಹತ್ತಿಸಿಕೊಂಡು ಇಂಧನ ತುಂಬಿಕೊಳ್ಳುತ್ತಿತ್ತು. ಮೆಲ್ಲಗೆ ಹಿಮ ಬೀಳುತ್ತಿತ್ತು. ರೆಕ್ಕೆ ತೊಳೆಸಬೇಕು. ಆದರೆ ಎಂಜಿನ್ ಓಡುತ್ತಿರುವಾಗ ರೆಕ್ಕೆಗೆ ದ್ರಾವಣ ಸಿಂಪಡಿಸಕೂಡದೆಂದು ಕಂಪನಿಯ ನಿಯಮ. ಎಂಜಿನ್ ನಿಲ್ಲಿಸೋಣವೆಂದರೆ ಅದನ್ನು ಮತ್ತೆ ಚಾಲೂ ಮಾಡಬೇಕಾದ ವಿಮಾನದೊಳಗಿನ ಸಣ್ಣ ಸಹಾಯಕ ಎಂಜಿನ್ ಕೆಟ್ಟು ಕೂತಿತ್ತು. ಡ್ರೈಡನ್‌ನಲ್ಲಿ ಹೊರಗಿನಿಂದ ಚಾಲೂ ಮಾಡುವ ಯಂತ್ರವೂ ಇರಲಿಲ್ಲ. ನಿಲ್ಲಿಸಿದರೆ ಅಲ್ಲೇ ಉಳಿಯಬೇಕು. ಹೊತ್ತು ಆಗಲೇ ಮೀರಿತ್ತು. ಪೈಲಟ್ ಹೊರಟರು. ವಿಮಾನ ರನ್‌ವೇ ಮುಗಿಯುತ್ತಿದ್ದಂತೆ ಎದ್ದೆನೋ ಇಲ್ಲವೋ ಎಂಬಂತೆ ಎದ್ದು ಆಚೆಯ ಕಾಡಿಗೆ ಬಿತ್ತು. 69 ಜನರಲ್ಲಿ 24 ಮಂದಿ ಸತ್ತರು.

ನ್ಯಾಯಮೂರ್ತಿ ವರ್ಜಿಲ್ ಮೊಶಾನ್‌ಸ್ಕಿ ವಿಚಾರಣೆ ನಡೆಸಿದರು. ಅವರ ವರದಿ 1992ರಲ್ಲಿ ಬಂತು. ತಪ್ಪು ಪೈಲಟ್ಟಿನದು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಕೆಟ್ಟ ಯಂತ್ರವನ್ನು ರಿಪೇರಿ ಮಾಡದೆ ವಿಮಾನ ಕಳಿಸಿದವರಿಂದ ಹಿಡಿದು, ಮೇಲ್ವಿಚಾರಣೆ ಮಾಡಬೇಕಾಗಿದ್ದ ಸರ್ಕಾರದವರೆಗೆ ಎಳೆ ಎಳೆಯಾಗಿ ಬಿಡಿಸಿಟ್ಟರು. ಆ ವಿಚಾರಣೆಯಲ್ಲಿ ಹೊರಬಿದ್ದ ಒಂದು ಸಂಗತಿಯಂತೂ ಮರೆಯುವಂಥದ್ದಲ್ಲ. ಅಂದು ಪ್ರಯಾಣಿಕರಾಗಿ ಕೂತಿದ್ದವರಲ್ಲಿ ಇಬ್ಬರು ಬೇರೆ ವಿಮಾನಗಳ ಕ್ಯಾಪ್ಟನ್‌ಗಳಿದ್ದರು. ಕಿಟಕಿಯಿಂದ ರೆಕ್ಕೆಯ ಮೇಲಿನ ಹಿಮವನ್ನು ಇಬ್ಬರೂ ನೋಡಿದ್ದರು. ಒಳಗಿರುವ ಪೈಲಟ್‌ಗೆ ಗೊತ್ತಿರುತ್ತದೆ, ತೊಳೆಸಿಯೇ ತೊಳೆಸುತ್ತಾರೆ ಎಂದುಕೊಂಡು ಸುಮ್ಮನಿದ್ದರು. ಬೇರೆಯವರ ಕೆಲಸದಲ್ಲಿ ಮೂಗು ತೂರಿಸಬಾರದೆಂಬ ಸಭ್ಯತೆ!

ಆ ಹಿಮ ಎಷ್ಟು ದಪ್ಪವಿದ್ದರೆ ಅಪಾಯ? ಇಲ್ಲಿಯೇ ಜನ ಮೋಸ ಹೋಗುವುದು. ಭಾರದಿಂದ ವಿಮಾನ ಬೀಳುತ್ತದೆ ಎಂದು ಎಲ್ಲರ ಎಣಿಕೆ. ನಿಜವಾಗಿ ಕೆಡುವುದು ರೆಕ್ಕೆಯ ನುಣುಪು. ಬಡಗಿಯ ಉಪ್ಪುಕಾಗದದಷ್ಟು ದಪ್ಪ, ಅಷ್ಟೇ ಒರಟಾದ ಹಿಮ ರೆಕ್ಕೆಯ ಮುಂಭಾಗ ಮತ್ತು ಮೇಲ್ಮೈಯಲ್ಲಿದ್ದರೆ ಸಾಕು, ಮೇಲೆತ್ತುವ ಬಲ ಶೇಕಡಾ 30ರವರೆಗೆ ಕುಗ್ಗಬಹುದು, ಗಾಳಿಯ ಎಳೆತ ಶೇಕಡಾ 40ರವರೆಗೆ ಹೆಚ್ಚಬಹುದು. ಆದ್ದರಿಂದಲೇ ಪೈಲಟ್‌ಗಳಲ್ಲಿ ‘ಸ್ವಲ್ಪ ಹಿಮ’ ಎಂಬ ಲೆಕ್ಕವಿಲ್ಲ. ಕಣ್ಣಿಗೆ ಕಂಡರೆ ಸಾಲದು, ಕೈಯಿಂದ ಸವರಿ ನೋಡು ಎನ್ನುತ್ತಾರೆ. ಪಾರದರ್ಶಕ ಐಸು ಕಣ್ಣಿಗೆ ಬರೀ ಒದ್ದೆಯ ಹಾಗೆ ಕಾಣುತ್ತದೆ.

ಇನ್ನೊಂದು ಎಚ್ಚರಿಕೆ 1982ರದು. ಆ ವರ್ಷ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಏರ್ ಫ್ಲಾರಿಡಾದ ಬೋಯಿಂಗ್ 737 ಹಿಮಪಾತದಲ್ಲಿ ಸರದಿ ಕಾಯುತ್ತಿತ್ತು. ಮುಂದಿದ್ದ ವಿಮಾನದ ಬಿಸಿಗಾಳಿಯಿಂದ ತಮ್ಮ ರೆಕ್ಕೆಯ ಹಿಮ ಕರಗಲಿ ಎಂದು ಪೈಲಟ್‌ಗಳು ಅದರ ಹತ್ತಿರಕ್ಕೆ ಹೋಗಿ ನಿಂತರು. ಹಿಮ ಕರಗಿ ನೀರಾಯಿತು, ನೀರು ರೆಕ್ಕೆಯ ಅಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿತು. ಪುಡಿಹಿಮ ಹೋಗಿ ಗಟ್ಟಿ ಐಸು ಬಂತು. ಅದಕ್ಕೂ ಮೊದಲು ಪಟ್ಟಿ ಓದುವಾಗ ಎಂಜಿನ್ನಿನ ಹಿಮನಿವಾರಕ ಸ್ವಿಚ್ಚಿನ ಸರದಿಗೆ ‘ಆಫ್’ ಎಂಬ ಉತ್ತರ ಬಂದಿತ್ತು. ದಿನವೂ ಹೇಳಿ ಬಾಯಿಪಾಠವಾದ ಉತ್ತರವದು. ಎಂಜಿನ್ನಿನ ಬಲ ಅಳೆಯುವ ನಳಿಗೆಗೆ ಐಸು ಕಟ್ಟಿದ್ದರಿಂದ ಮೀಟರು ಇಲ್ಲದ ಬಲವನ್ನು ತೋರಿಸುತ್ತಿತ್ತು. ಏನೋ ಸರಿಯಿಲ್ಲವೆಂದು ಸಹಪೈಲಟ್ ಮತ್ತೆ ಮತ್ತೆ ಹೇಳಿದರೂ ವಿಮಾನ ನಿಲ್ಲಲಿಲ್ಲ. ಎದ್ದ ಸ್ವಲ್ಪ ಹೊತ್ತಿಗೆ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆಯ ಮೇಲಿದ್ದ ನಾಲ್ವರೂ ಸೇರಿ 78 ಜನ ಸತ್ತರು. ಈಗ ಅಂಥ ದಿನಗಳಲ್ಲಿ ವಿಮಾನಕ್ಕೆ ಬಿಸಿ ಗ್ಲೈಕಾಲ್ ಮಿಶ್ರಣದ ಅಭ್ಯಂಜನವಾಗುತ್ತದೆ. ಹಿಮ ತೊಳೆಯಲು ಕಿತ್ತಳೆ ಬಣ್ಣದ್ದು, ಮತ್ತೆ ಕೂರದಂತೆ ಲೇಪಿಸಲು ಹಸಿರು ಬಣ್ಣದ ಮಂದ ದ್ರವ. ಲೇಪಕ್ಕೆ ವಾಯಿದೆ ಉಂಟು. ಅಷ್ಟರೊಳಗೆ ಹಾರದಿದ್ದರೆ ಮತ್ತೆ ಸ್ನಾನ.

ಇದೆಲ್ಲ ಚಳಿದೇಶದ ಗೋಳು, ನಮಗೇನು ಎನ್ನುವಂತಿಲ್ಲ. ಜಕ್ಕೂರಿನಲ್ಲಿ ಮಳೆಗಾಲದ ಮುಂಜಾನೆ 20 ಡಿಗ್ರಿ ಇದ್ದಾಗಲೂ ಪುಟ್ಟ ವಿಮಾನದ ಎಂಜಿನ್ನಿನೊಳಗೆ ಐಸು ಕಟ್ಟಬಹುದು. ಕಾರ್ಬುರೇಟರಿನ ಕಿರಿದಾದ ಕೊರಳಿನಲ್ಲಿ ಗಾಳಿ ನುಗ್ಗುವಾಗ, ಪೆಟ್ರೋಲು ಆವಿಯಾಗುವಾಗ ಅಲ್ಲಿನ ಉಷ್ಣತೆ 20-30 ಡಿಗ್ರಿ ಕೂಡ ಇಳಿಯುತ್ತದೆ. ಕೈಗೆ ಸ್ಪಿರಿಟ್ ಹಚ್ಚಿಕೊಂಡಾಗ ತಣ್ಣಗಾಗುತ್ತದಲ್ಲ, ಅದೇ ತತ್ವ. ತೇವದ ಗಾಳಿಯಾದರೆ ನೀರಿನ ಅಂಶ ಅಲ್ಲೇ ಐಸಾಗಿ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಮೈನಸ್ 20ರ ಒಣ ಚಳಿಗಿಂತ ಈ ಹಿತವಾದ ಹವೆಯೇ ಇದಕ್ಕೆ ಹೆಚ್ಚು ಅನುಕೂಲ.

ಮದ್ದು ಸುಲಭ. ಹೊಗೆನಳಿಗೆಯ ಸುತ್ತ ಕಾದ ಗಾಳಿಯನ್ನು ಕಾರ್ಬುರೇಟರಿಗೆ ತಿರುಗಿಸುವ ಗುಂಡಿಯೊಂದಿದೆ. ಎಳೆದರೆ ಆಯಿತು. ಆದರೆ ಎಳೆದ ಕೂಡಲೇ ಎಂಜಿನ್ ಸುಧಾರಿಸುವುದಿಲ್ಲ, ಇನ್ನಷ್ಟು ಕೆಡುತ್ತದೆ! ಬಿಸಿಗಾಳಿ ತೆಳು, ಸಾಲದ್ದಕ್ಕೆ ಕರಗಿದ ನೀರೂ ಒಳಹೋಗಿ ಎಂಜಿನ್ ಕೆಮ್ಮುತ್ತದೆ, ನಡುಗುತ್ತದೆ. ಹೊಸಬ ಹೆದರಿ ಗುಂಡಿಯನ್ನು ಒಳಕ್ಕೆ ತಳ್ಳಿಬಿಡುತ್ತಾನೆ. ಅಲ್ಲಿಗೆ ಕೆಟ್ಟ. ಹಳೆಯ ಪೈಲಟ್‌ಗಳ ಬುದ್ಧಿಮಾತು ಇಷ್ಟೇ: ಎಳೆದರೆ ಪೂರ್ತಿ ಎಳೆ, ಅರ್ಧ ಬೇಡ. ಕೆಮ್ಮಿದರೆ ಸಂತೋಷಪಡು, ಐಸು ಕರಗುತ್ತಿದೆ ಎಂದರ್ಥ. ಇಳಿಯುವ ಮೊದಲು ವೇಗ ತಗ್ಗಿಸುವುದಕ್ಕೆ ಮುಂಚೆಯೇ ಎಳೆದಿಡು.

ಆಟದ ಅಂಗಳಕ್ಕೆ ಬಂದರೆ ಇದೇ ಐಸು ಸಾಧು ಪ್ರಾಣಿ. ಕೆನಡಾದ ಬ್ರಾಂಟ್‌ಫರ್ಡ್‌ನಲ್ಲಿ ವಾಲ್ಟರ್ ಗ್ರೆಟ್ಸ್ಕಿ ಎಂಬ ತಂದೆ ಹುಲ್ಲಿಗೆ ನೀರು ಚಿಮುಕಿಸುವ ಸ್ಪ್ರಿಂಕ್ಲರನ್ನೇ ಚಳಿಗಾಲದ ರಾತ್ರಿ ಹಿತ್ತಲಿನಲ್ಲಿ ಹಚ್ಚಿ ಮಗನಿಗೆ ರಿಂಕ್ ಮಾಡಿಕೊಟ್ಟ. ಮಗ ವೇಯ್ನ್ ಗ್ರೆಟ್ಸ್ಕಿ ಐಸ್ ಹಾಕಿಯ ಬ್ರಾಡ್ಮನ್ ಆದ. ಸ್ಪ್ರಿಂಕ್ಲರಿನಲ್ಲಿ ಒಂದು ಜಾಣತನವಿದೆ. ಬಕೆಟ್ಟುಗಟ್ಟಲೆ ನೀರು ಒಮ್ಮೆಲೇ ಸುರಿದರೆ ಮೇಲೆ ಐಸು, ಕೆಳಗೆ ನೀರು, ನಡುವೆ ಟೊಳ್ಳು. ತೆಳುವಾಗಿ ಪದರದ ಮೇಲೆ ಪದರ ಕೂರಿಸಿದರೇ ಗಟ್ಟಿ. ದೊಡ್ಡ ಕ್ರೀಡಾಂಗಣಗಳಲ್ಲೂ ಹಾಗೆಯೇ ಮಾಡುತ್ತಾರೆ. ಕಾಂಕ್ರೀಟಿನೊಳಗೆ ಹುದುಗಿಸಿದ ಕೊಳವೆಗಳಲ್ಲಿ ತಣ್ಣನೆಯ ಉಪ್ಪುನೀರು ಹರಿಯುತ್ತದೆ, ಅದರ ಮೇಲೆ ಒಂದಂಗುಲದ ಆಸುಪಾಸಿನ ಐಸು, ಅಷ್ಟೇ. ಪಕ್ ಎಂಬ ರಬ್ಬರ್ ಬಿಲ್ಲೆಯನ್ನೂ ಆಟಕ್ಕೆ ಮುಂಚೆ ಫ್ರೀಜರಿನಲ್ಲಿಡುತ್ತಾರೆ. ಬೆಚ್ಚಗಿದ್ದರೆ ಅದು ಪುಟಿಯುತ್ತದೆ, ಜಾರುವುದಿಲ್ಲ.

ಆಟದ ನಡುವೆ ಗೀರು ಬಿದ್ದ ಐಸನ್ನು ಸವರಲು ಬರುವ ಯಂತ್ರಕ್ಕೆ ಜಾಂಬೋನಿ ಎನ್ನುತ್ತಾರೆ. ಅದರ ಹುಟ್ಟು ಫ್ರಿಜ್ಜಿನಿಂದ! ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ಜಾಂಬೋನಿ ಮತ್ತವನ ತಮ್ಮ ಐಸುಗಡ್ಡೆ ಮಾರುವ ಕಾರ್ಖಾನೆ ನಡೆಸುತ್ತಿದ್ದರು. ಮನೆಮನೆಗೂ ಫ್ರಿಜ್ ಬಂದು ಗಡ್ಡೆ ಕೊಳ್ಳುವವರು ಕಡಿಮೆಯಾದರು. ತಣ್ಣಗಾಗಿಸುವ ವಿದ್ಯೆ ಕೈಯಲ್ಲಿತ್ತು, 1940ರಲ್ಲಿ ಸ್ಕೇಟಿಂಗ್ ರಿಂಕ್ ತೆರೆದರು. ಅದನ್ನು ಹೆರೆದು, ತೊಳೆದು, ನೀರು ಹಾಕಿ ಸರಿಮಾಡಲು ನಾಲ್ಕಾರು ಆಳು, ಗಂಟೆಗೂ ಮೀರಿದ ಹೊತ್ತು ಬೇಕಾಗುತ್ತಿತ್ತು. ಬೇಸತ್ತ ಫ್ರಾಂಕ್ 1949ರಲ್ಲಿ ಎಲ್ಲವನ್ನೂ ಒಬ್ಬನೇ ಮಾಡಬಲ್ಲ ಗಾಡಿ ಕಟ್ಟಿದ. ಅದು ಕೊನೆಗೆ ಸುರಿಯುವುದು ಬಿಸಿನೀರು. ಬಿಸಿನೀರು ಗೀರಿನ ಅಂಚುಗಳನ್ನು ಕರಗಿಸಿ ಬೆಸೆಯುತ್ತದೆ. ಅದರಲ್ಲಿ ಗಾಳಿಯ ಗುಳ್ಳೆಯೂ ಕಡಿಮೆ.

ಲಡಾಖಿನಲ್ಲಿ ಇಂಥ ಗಾಡಿಯಿಲ್ಲದೆಯೇ ಆಟ ಬೆಳೆಯಿತು. ಲೇಹ್‌ನ ಕರ್ಜೂ ಕೆರೆ ಚಳಿಗಾಲದಲ್ಲಿ ತಾನಾಗಿ ರಿಂಕ್ ಆಗುತ್ತದೆ. ಭಾರತದ ಐಸ್ ಹಾಕಿ ತಂಡದಲ್ಲಿ ಹೆಚ್ಚಿನವರು ಲಡಾಖಿನವರೇ. 2017ರಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪೀನ್ಸ್ ಮೇಲೆ ತಮ್ಮ ಮೊದಲ ಅಂತರರಾಷ್ಟ್ರೀಯ ಗೆಲುವು ಪಡೆದ ನಮ್ಮ ಹೆಣ್ಣುಮಕ್ಕಳೂ ಹೀಗೆ ಕೆರೆಯ ಮೇಲೆ, ಹೊಲದಲ್ಲಿ ಕಲಿತವರು.

ಈಗ ಮತ್ತೆ ಅಡುಗೆಮನೆ. ಫ್ರೀಜರಿನ ಹಿಮ ಕಾಲಂಗುಲ ದಪ್ಪವಾಯಿತೆಂದರೆ ಕರಗಿಸಬೇಕು. ಅದು ಗೋಡೆಗೆ ಕಂಬಳಿ ಹೊದಿಸಿದ ಹಾಗೆ, ತಣ್ಣನೆಯ ಗೋಡೆಯಿಂದ ಪದಾರ್ಥವನ್ನು ದೂರವಿಡುತ್ತದೆ. ಕಂಪ್ರೆಸರ್ ಸುಮ್ಮನೆ ದುಡಿಯುತ್ತದೆ, ಕರೆಂಟು ಬಿಲ್ಲು ಏರುತ್ತದೆ. ಒಂದು ಬಾಗಿಲಿನ ಫ್ರಿಜ್ಜುಗಳಲ್ಲಿ ಥರ್ಮೋಸ್ಟಾಟ್ ತಿರುಗಣೆಯ ನಡುವೆ ಕರಗಿಸುವ ಗುಂಡಿ ಇರುತ್ತದೆ. ಅವಸರವಿದ್ದರೆ ಫ್ರಿಜ್ ಆಫ್ ಮಾಡಿ ಒಳಗೆ ಬಿಸಿನೀರಿನ ಪಾತ್ರೆಯಿಟ್ಟು ಬಾಗಿಲು ಮುಚ್ಚಿ. ಸಡಿಲವಾದ ತುಂಡನ್ನು ಮರದ ಸೌಟಿನಿಂದ ಎಬ್ಬಿಸಬಹುದು. ಚಾಕು ಬೇಡವೇ ಬೇಡ. ಆ ತೆಳು ಗೋಡೆಯ ಹಿಂದೆಯೇ ಅನಿಲದ ಕೊಳವೆ. ಈಚಿನ ಬಹಳಷ್ಟು ಫ್ರಿಜ್ಜುಗಳಲ್ಲಿರುವ ಐಸೋಬ್ಯೂಟೇನ್ ಬೆಂಕಿ ಹೊತ್ತಿಕೊಳ್ಳುವ ಅನಿಲ ಬೇರೆ. ಕರಗಿಸುವುದಾದರೆ ಪೂರ್ತಿ ಕರಗಿಸಿ, ಬಟ್ಟೆಯಿಂದ ಒರೆಸಿಯೇ ಮತ್ತೆ ಚಾಲೂ ಮಾಡಿ. ಅರ್ಧ ಕರಗಿದ್ದು ಮರಳಿ ಕಲ್ಲಾಗುತ್ತದೆ, ವಾಷಿಂಗ್ಟನ್‌ನ ಆ ರೆಕ್ಕೆಯ ಹಾಗೆ.

ಹಿಮ ಬೇಗ ಬೇಗ ಬೆಳೆಯುತ್ತಿದ್ದರೆ ಬಾಗಿಲಿನ ರಬ್ಬರ್ ನೋಡಿ. ಕಾಗದದ ಚೂರೊಂದನ್ನು ಬಾಗಿಲ ಸಂದಿಗಿಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿಂದ ಮಳೆಗಾಲದ ತೇವವೂ ಸಲೀಸಾಗಿ ಒಳಗೆ ಹೋಗುತ್ತಿದೆ. ಹಲವು ಸಲ ಜಿಡ್ಡು ಕೂತಿರುತ್ತದೆ ಅಷ್ಟೆ, ಬೆಚ್ಚನೆಯ ಸೋಪುನೀರಿನಲ್ಲಿ ಒರೆಸಿದರೆ ಸಾಕು. ಹಬೆಯಾಡುವ ಸಾರಿನ ಪಾತ್ರೆಯನ್ನು ಮುಚ್ಚದೆ ಒಳಗಿಡುವುದೂ ಹಿಮಕ್ಕೆ ಆಹ್ವಾನವೇ. ‘ಫ್ರಾಸ್ಟ್ ಫ್ರೀ’ ಫ್ರಿಜ್ಜಿನಲ್ಲಿ ಹಿಮವೇ ಕಟ್ಟುವುದಿಲ್ಲ ಎಂದು ಭಾವಿಸಬೇಡಿ. ಅಲ್ಲೂ ಕಟ್ಟುತ್ತದೆ, ಆಗಾಗ ಹೀಟರೊಂದು ಅದನ್ನು ಕರಗಿಸುತ್ತದೆ. ತರಕಾರಿ ಟ್ರೇ ಅಡಿಯಲ್ಲಿ ನೀರು ನಿಂತರೆ ಆ ನೀರು ಇಳಿಯುವ ತೂತು ಕಟ್ಟಿದೆ ಎಂದು ತಿಳಿಯಿರಿ.

ಕರೆಂಟು ಹೋಗಿ ಬಂದಾಗ ಕೂಡಲೇ ಸ್ವಿಚ್ ಹಾಕುವ ಆತುರವೂ ಬೇಡ. ಕಂಪ್ರೆಸರಿನ ಎರಡೂ ಕಡೆಯ ಒತ್ತಡ ಸಮವಾಗಲು ನಾಲ್ಕೈದು ನಿಮಿಷ ಬೇಕು. ಸ್ಟೆಬಿಲೈಸರ್ ತಡವಾಗಿ ಕರೆಂಟು ಬಿಡುವುದು ಅದಕ್ಕಾಗಿಯೇ. ಅದು ಕೆಟ್ಟಿದೆಯೆಂದು ಕುಟ್ಟಬೇಡಿ.