ತೆರಿಗೆ ರಜೆಯ ಲೆಕ್ಕ ಕೇಳೋಣ

ಈ ಸಲದ ಯುಗಾದಿ ಕೂಟದಲ್ಲಿ ಊಟ ಮುಗಿಸಿ ಎಲೆಅಡಿಕೆಗೆ ಕೂತಾಗ ನಮ್ಮ ಸದಸ್ಯರಲ್ಲಿ ಕೆಲವರು ಒಂದು ಮಾತು ತೆಗೆದರು. ವಡೋದರಾದ ಸುತ್ತ ಇನ್ನೊಂದು ವಿಶೇಷ ಆರ್ಥಿಕ ವಲಯ ಬರಬೇಕು, ಕಾರ್ಖಾನೆದಾರರಿಗೆ ಹತ್ತು ಹದಿನೈದು ವರ್ಷ ತೆರಿಗೆ ಮಾಫಿ ಕೊಡಬೇಕು, ಆಗ ನಮ್ಮ ಮಕ್ಕಳು ಕೆಲಸಕ್ಕಾಗಿ ಬೆಂಗಳೂರಿಗೋ ಪುಣೆಗೋ ಓಡುವುದು ತಪ್ಪುತ್ತದೆ ಎಂದು. ಸುತ್ತಲಿದ್ದವರು ತಲೆದೂಗಿದರು. ನಾವು ಒಪ್ಪಲಿಲ್ಲ. ಆ ಗದ್ದಲದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಸರ್ಕಾರಿ ನೌಕರರು ಸರ್ಕಾರದ ನೀತಿಯನ್ನು ಟೀಕಿಸಬಾರದೆಂದು 1964ರ ನಡತೆ ನಿಯಮಗಳು ಹೇಳುತ್ತವೆ. ಆದರೆ ಸರ್ಕಾರವೇ ಅಚ್ಚು ಹಾಕಿಸಿದ ವರದಿಯನ್ನು ಓದಿ ಹೇಳಬಾರದೆಂದು ಅವು ಹೇಳಿಲ್ಲವೆಂದು ನಮ್ಮ ತಿಳಿವಳಿಕೆ.

ಮೊದಲು ನಮ್ಮ ಊರಿನ ಮಾತು. ನಮ್ಮ ಸಂಘದ ಹಿರಿಯರು ಯಾವ ವಲಯವನ್ನು ನಂಬಿ ಇಲ್ಲಿಗೆ ಬಂದರು? 1960ರಲ್ಲಿ ಅಂಕಲೇಶ್ವರದಲ್ಲಿ ಎಣ್ಣೆ ಸಿಕ್ಕಿತು. 1965ರಲ್ಲಿ ಕೋಯಲಿಯ ರಿಫೈನರಿ ನಡೆಯತೊಡಗಿತು. 1962ರಲ್ಲಿ ಸ್ಥಾಪನೆಯಾದ ರಾಜ್ಯ ಗೊಬ್ಬರ ಕಂಪೆನಿ, 1969ರ ಐ.ಪಿ.ಸಿ.ಎಲ್. ಇವೆಲ್ಲ ಒಂದರ ಬೆನ್ನಿಗೊಂದು ಬಂದವು. ಕಚ್ಚಾ ಎಣ್ಣೆ ಹತ್ತಿರವಿತ್ತು, ಮಹೀ ನದಿಯ ನೀರಿತ್ತು, ಮುಂಬಯಿ–ದಿಲ್ಲಿಯ ರೈಲುದಾರಿ ಇತ್ತು. ಇವೆಲ್ಲಕ್ಕಿಂತ ಮೊದಲೇ, 1890ರಲ್ಲಿ, ಸಯಾಜಿರಾವ್ ಮಹಾರಾಜರು ಕಲಾಭವನ ಕಟ್ಟಿಸಿ ಕೈಕಸುಬು ಬಲ್ಲವರನ್ನು ತಯಾರು ಮಾಡಿಟ್ಟಿದ್ದರು. ದೇಶದಲ್ಲೆಲ್ಲ ಹೊಸ ಉದ್ದಿಮೆಗಳಿಗೆ ಸಿಗುತ್ತಿದ್ದ ಚಿಲ್ಲರೆ ರಿಯಾಯಿತಿಯ ಮಾತು ಬೇರೆ. ಬೇಲಿ ಹಾಕಿದ ತೆರಿಗೆಮುಕ್ತ ವಲಯವಂತೂ ಇಲ್ಲಿರಲಿಲ್ಲ. ಮಕರಪುರಾ, ನಂದೇಸರಿ ಮುಂತಾದ ಎಸ್ಟೇಟುಗಳಲ್ಲಿ ಜಿ.ಐ.ಡಿ.ಸಿ. ಕೊಟ್ಟದ್ದು ನಿವೇಶನ, ರಸ್ತೆ, ನೀರು. 1983ರಲ್ಲಿ ಕೊಳೆನೀರನ್ನು ಸಮುದ್ರದ ಕಡೆ ಒಯ್ಯುವ ಕಾಲುವೆಯೂ ಆಯಿತು. ನದಿಗೆ ಅದರಿಂದ ಆದ ಕೇಡಿನ ವಿಚಾರ ಇನ್ನೊಮ್ಮೆ ಬರೆಯುವಂಥದು.

ವಲಯಗಳ ಅನುಭವ ಗುಜರಾತಿಗೆ ಹೊಸದೇನಲ್ಲ. ಏಷ್ಯಾದಲ್ಲೇ ಮೊದಲನೆಯದೆನ್ನುವ ರಫ್ತು ವಲಯ 1965ರಲ್ಲಿ ಹುಟ್ಟಿದ್ದು ನಮ್ಮ ಕಾಂಡ್ಲಾದಲ್ಲಿ. ಎಲ್ಲರೂ ಉದಾಹರಿಸುವ ಚೀನದ ಶೆನ್‌ಜೆನ್ ಶುರುವಾದದ್ದು 1980ರಲ್ಲಿ, ಹದಿನೈದು ವರ್ಷ ಹಿಂದಿನಿಂದ. ಅದು ಮುನ್ನೂರು ಚದರ ಕಿಲೋಮೀಟರ್ ಮೀರಿದ ವಲಯ. ನಮ್ಮ 2005ರ ಕಾಯಿದೆಯ ಕೆಳಗೆ ಮಾಡಿದ ನಿಯಮಗಳಲ್ಲಿ ಕಂಪ್ಯೂಟರ್ ಕೆಲಸದ ವಲಯಕ್ಕೆ ಹತ್ತು ಹೆಕ್ಟೇರ್ ಸಾಕೆಂದಿತ್ತು. ಇಷ್ಟರಲ್ಲಿ ಶೆನ್‌ಜೆನ್ ಎಲ್ಲಿ ಬಂತು? ಹತ್ತು ಹೆಕ್ಟೇರಿನಲ್ಲಿ ಎರಡು ಗಾಜಿನ ಕಟ್ಟಡ ಮತ್ತು ಕಾರು ನಿಲ್ಲಿಸುವ ಜಾಗ ಬರುತ್ತದೆ.

ಈಗ ಲೆಕ್ಕ. ವಲಯದ ಘಟಕಕ್ಕೆ ರಫ್ತಿನ ಲಾಭದ ಮೇಲೆ ಮೊದಲ ಐದು ವರ್ಷ ನೂರಕ್ಕೆ ನೂರು ಆದಾಯ ತೆರಿಗೆ ಮಾಫಿ, ನಂತರದ ಐದು ವರ್ಷ ಅರ್ಧ, ಆಮೇಲೆ ಐದು ವರ್ಷ ಮರಳಿ ಹೂಡಿದ ಲಾಭದ ಮೇಲೆ ಅರ್ಧ ಎಂದಿತ್ತು. 2014ರಲ್ಲಿ ಮಹಾಲೇಖಪಾಲರು ವಲಯಗಳ ಬಗ್ಗೆ ಸಂಸತ್ತಿಗೆ ವರದಿ ಕೊಟ್ಟರು. 2006–07ರಿಂದ 2012–13ರವರೆಗೆ ಬಿಟ್ಟುಕೊಟ್ಟ ತೆರಿಗೆ 83,104 ಕೋಟಿ ರೂಪಾಯಿ. ವಲಯಕ್ಕೆಂದು ಅಧಿಸೂಚಿತವಾದ ಸುಮಾರು 45,600 ಹೆಕ್ಟೇರ್ ಭೂಮಿಯಲ್ಲಿ ಕೆಲಸ ಶುರುವಾದದ್ದು ಸುಮಾರು 28,500 ಹೆಕ್ಟೇರಿನಲ್ಲಿ. ಉಳಿದ ಹದಿನೇಳು ಸಾವಿರ ಚಿಲ್ಲರೆ ಹೆಕ್ಟೇರ್ ಖಾಲಿ ಬಿದ್ದಿತ್ತು. ಕೆಲಸದ ವಿಚಾರವಂತೂ ಕೇಳಲೇಬಾರದು. ತಪಾಸಣೆಗೆ ಆರಿಸಿಕೊಂಡ ಘಟಕಗಳಲ್ಲಿ, ಕೊಡುತ್ತೇವೆಂದ ಕೆಲಸಕ್ಕೂ ಕೊಟ್ಟ ಕೆಲಸಕ್ಕೂ ನೂರಕ್ಕೆ 65ರಿಂದ 96ರವರೆಗೆ ಕೊರತೆ ಕಂಡುಬಂತು. ನಮ್ಮ ಕಚೇರಿಯಲ್ಲಿ ಗುಮಾಸ್ತನೊಬ್ಬ ನೂರು ಫೈಲಿನಲ್ಲಿ ನಾಲ್ಕು ವಿಲೇವಾರಿ ಮಾಡಿದರೆ ಅವನಿಗೆ ಮೆಮೊ ಸಿಗುತ್ತದೆ.

ಬಿ.ಎಸ್ಸಿ.ಯಲ್ಲಿ ನಾವು ಕೆಟಲಿಸ್ಟ್ ಎಂದರೇನೆಂದು ಓದಿದ್ದೆವು. ಅದು ಚಿಟಿಕೆಯಷ್ಟಿದ್ದರೆ ಸಾಕು, ಕ್ರಿಯೆ ಮುಗಿದ ಮೇಲೂ ಹಾಗೆಯೇ ಉಳಿದಿರಬೇಕು. ತೆರಿಗೆ ಮಾಫಿ ಉದ್ದಿಮೆಗೆ ಕೆಟಲಿಸ್ಟ್ ಎನ್ನುವವರು 2011ರ ಬಜೆಟ್ಟನ್ನು ನೆನೆಯಬೇಕು. ವಲಯಗಳ ಮೇಲೂ ಕನಿಷ್ಠ ಪರ್ಯಾಯ ತೆರಿಗೆ ಹಾಕಿದ ಕೂಡಲೇ, ವಲಯ ಬೇಡ, ವಾಪಸು ತೆಗೆದುಕೊಳ್ಳಿ ಎಂದು ಅರ್ಜಿ ಹಾಕಿದ ಡೆವಲಪರುಗಳು ಎಷ್ಟು ಮಂದಿ! ತೆರಿಗೆಗಾಗಿ ಬಂದವರು ತೆರಿಗೆಗಾಗಿಯೇ ಹೋದರು. ದಹೇಜ್ ಬೆಳೆಯಲಿಲ್ಲವೇ ಎಂದು ಅಂದು ಕೇಳಿದವರಿದ್ದರು. ಬೆಳೆದಿದೆ, ಒಪ್ಪುತ್ತೇವೆ. ಆದರೆ ಅಲ್ಲಿ ದೊಡ್ಡ ಹಡಗು ನಿಲ್ಲುವ ಬಂದರಿದೆ, 2004ರಿಂದ ದ್ರವ ಅನಿಲದ ಟರ್ಮಿನಲ್ ಇದೆ. ಬಂದರನ್ನು ತೆಗೆದು ಬರೀ ಮಾಫಿ ಇಟ್ಟರೆ ಯಾರು ಬರುತ್ತಿದ್ದರು? ಇನ್ನು ಗಾಂಧಿನಗರದ ಹತ್ತಿರದ ಗಿಫ್ಟ್ ಸಿಟಿಯಲ್ಲಿ ತೆರಿಗೆಗಷ್ಟೇ ಅಲ್ಲ, 2023ರ ಡಿಸೆಂಬರಿನಿಂದ ಪಾನನಿರೋಧಕ್ಕೂ ಸ್ವಲ್ಪ ರಜೆ ಸಿಕ್ಕಿದೆ!

ನಮ್ಮ ಮಿತ್ರರೊಬ್ಬರ ಮಗ ಡಿಪ್ಲೊಮಾ ಮಾಡಿ ಇಂಥದೊಂದು ವಲಯದ ಘಟಕದಲ್ಲಿ ಸೇರಿದ. ಮೂರು ವರ್ಷದಲ್ಲಿ ಮೂವರು ಗುತ್ತಿಗೆದಾರರು. ಯಂತ್ರ ಅದೇ, ಪಾಳಿ ಅದೇ, ಹನ್ನೊಂದು ತಿಂಗಳಿಗೊಮ್ಮೆ ಗುರುತಿನ ಚೀಟಿ ಮಾತ್ರ ಹೊಸದು. ಕಂಪೆನಿಯ ಮಸ್ಟರಿನಲ್ಲಿ ಅವನ ಹೆಸರು ಯಾವತ್ತೂ ಬರಲಿಲ್ಲ. ಹೋದ ದೀಪಾವಳಿಗೆ ಬಿಟ್ಟು ಬಂದ. ಅವನ ತಂದೆ ರಿಫೈನರಿಯಲ್ಲಿ ಖಾಯಂ ನೌಕರರಾಗಿ ಮೂವತ್ತು ವರ್ಷ ದುಡಿದು ಸ್ವಂತ ಮನೆ ಕಟ್ಟಿದವರು. ಯುಗಾದಿಯ ದಿನ ಹೊಸ ವಲಯ ಬೇಕೆಂದು ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವರೂ ಅವರೇ. ಅವರ ಸಂಕಟ ನಮಗೆ ಅರ್ಥವಾಗುತ್ತದೆ, ಮದ್ದು ಮಾತ್ರ ಸರಿಯಾದುದಲ್ಲ.

ಸ್ಥಳೀಯರಿಗೆ ಕೆಲಸ ಎಂಬ ಷರತ್ತು ಹಾಕಿದರಾಯಿತು ಎನ್ನುತ್ತಾರೆ. ಗುಜರಾತಿನಲ್ಲಿ ನೂರಕ್ಕೆ 85 ಕೆಲಸ ಸ್ಥಳೀಯರಿಗೆಂದು 1995ರಲ್ಲೇ ಠರಾವಾಗಿದೆ. ಕರ್ನಾಟಕದಲ್ಲಿ 2024ರ ಜುಲೈಯಲ್ಲಿ ಇಂಥದೇ ಮಸೂದೆಯನ್ನು ಮಂತ್ರಿಮಂಡಲ ಒಪ್ಪಿ, ಉದ್ದಿಮೆಗಳ ಕೂಗಿಗೆ ಎರಡೇ ದಿನದಲ್ಲಿ ತಡೆಹಿಡಿಯಿತು. ಅಲ್ಲಿ ಕನ್ನಡಿಗರಿಗೇ ಕೆಲಸ ಎಂದಾಗ ಚಪ್ಪಾಳೆ ತಟ್ಟಿದ ನಾವು, ಇಲ್ಲಿ ನಮ್ಮನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತಾರೆಂದು ಯೋಚಿಸಿದ್ದೇವೆಯೇ? ಇಲ್ಲೇ ಹುಟ್ಟಿ ಕನ್ನಡಕ್ಕಿಂತ ಚೆನ್ನಾಗಿ ಗುಜರಾತಿ ಆಡುವ ನಮ್ಮ ಮಕ್ಕಳ ಉಪನಾಮ ನೋಡಿ ನೀವು ಯಾವ ಊರಿನವರೆಂದು ಈಗಲೂ ಕೇಳುತ್ತಾರೆ.

ಹಾಗಾದರೆ ನಾವು ಬೇಡುವುದೇನು? ಮಾಫಿ ಕೊಡುವುದಾದರೆ ನೆಲಕ್ಕೂ ಲಾಭಕ್ಕೂ ಬೇಡ, ಕೆಲಸಕ್ಕೆ ಕೊಡಲಿ. ದಾರಿ ಹೊಸದಾಗಿ ಹುಡುಕಬೇಕಾಗಿಲ್ಲ. 1961ರ ಆದಾಯ ತೆರಿಗೆ ಕಾಯಿದೆಗೇ 80ಜೆಜೆಎಎ ಎಂಬ ಕಲಮು ಸೇರಿಸಿದ್ದರು: ಭವಿಷ್ಯನಿಧಿಗೆ ಸೇರಿದ, ತಿಂಗಳಿಗೆ 25,000 ರೂಪಾಯಿಯೊಳಗಿನ ಸಂಬಳದ ಹೊಸ ನೌಕರನಿಗೆ ಕೊಟ್ಟ ಸಂಬಳದ ನೂರಕ್ಕೆ ಮೂವತ್ತನ್ನು ಮೂರು ವರ್ಷ ಆದಾಯದಿಂದ ಕಳೆಯಬಹುದು. ಬೇಲಿ ಬೇಕಿಲ್ಲ, ಯಾರ ಹೊಲವೂ ಬೇಕಿಲ್ಲ; ಮಕರಪುರಾದ ಸಣ್ಣ ಶೆಡ್ಡಿನವನೂ ಲೆಕ್ಕಪತ್ರ ಸರಿಯಾಗಿಟ್ಟು ಕೇಳಬಹುದು. ಇಂಥದನ್ನು ಹಿಗ್ಗಿಸಲಿ. ವಲಯದ ಪ್ರತಿ ಘಟಕವೂ ಪಡೆದ ಮಾಫಿ ಎಷ್ಟು, ಖಾಯಂ ನೌಕರರೆಷ್ಟು, ಗುತ್ತಿಗೆಯವರೆಷ್ಟು ಎಂದು ವರ್ಷಕ್ಕೊಮ್ಮೆ ಗೇಟಿನ ಮೇಲೆ ಗುಜರಾತಿಯಲ್ಲಿ ಬರೆದು ಹಾಕಲಿ.

ಸಂಘದ ಹೆಸರಿನಲ್ಲಿ ನಮ್ಮ ಲೋಕಸಭಾ ಸದಸ್ಯರಿಗೆ ಹೀಗೊಂದು ಮನವಿ ಕಳಿಸಬೇಕೆಂಬ ಠರಾವನ್ನು ಮುಂದಿನ ಕಾರ್ಯಕಾರಿ ಸಮಿತಿಯಲ್ಲಿ ನಾವು ಮಂಡಿಸಲಿದ್ದೇವೆ. ವಲಯಗಳಲ್ಲಿ ದುಡಿಯುವ ಸದಸ್ಯರು ತಮ್ಮ ಘಟಕದಲ್ಲಿ ಖಾಯಂ ಎಷ್ಟು, ಗುತ್ತಿಗೆ ಎಷ್ಟು ಎಂಬ ಎರಡೇ ಅಂಕಿಗಳನ್ನು ಚೀಟಿಯಲ್ಲಿ ಬರೆದು ತಂದರೆ ಸಾಕು, ಹೆಸರು ಬೇಡ. ವಿರೋಧಿಸುವವರೂ ತಮ್ಮ ಅಂಕಿ ತರಲಿ.