ಕಾರ್ಡ್ ಹೇಳುವ ಮುನ್ನ ಕಂಪ್ಯೂಟರ್ ಕೇಳಿ

ಗೇಮಿಂಗ್ ಕಂಪ್ಯೂಟರಿನ ಹಳೆಯ ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ, ಇಲ್ಲವೇ ಗೇಮ್ ಆಡುವ ಗೆಳೆಯರನ್ನು ಕೇಳಿ. ಸಾಮಾನ್ಯವಾಗಿ ಸಿಗುವ ಉತ್ತರ: ‘ಬಜೆಟ್ ಎಷ್ಟು ಹೇಳಿ, ಕಾರ್ಡ್ ಯಾವುದು ಅಂತ ಹೇಳ್ತೀವಿ.’ ಈ ಧೈರ್ಯದ ಹಿಂದೆ ನಾಲ್ಕು ವಾದಗಳಿವೆ. ಒಂದೊಂದಾಗಿ ನೋಡೋಣ, ತೀರ್ಪು ಓದುಗರದು.

‘ಮೆಮೊರಿ ಹೆಚ್ಚಿದ್ದಷ್ಟೂ ಕಾರ್ಡ್ ವೇಗ’ ಎಂಬುದು ಮೊದಲನೆಯದು. ಹಾಗಿದ್ದರೆ 12 ಜಿಬಿಯ ಆರ್‌ಟಿಎಕ್ಸ್ 3060, 8 ಜಿಬಿಯ ಆರ್‌ಟಿಎಕ್ಸ್ 4060ನ್ನು ಸೋಲಿಸಬೇಕಿತ್ತು. ಬಹುತೇಕ ಗೇಮ್‌ಗಳಲ್ಲಿ ಆಗುವುದು ಇದರ ತಿರುವುಮುರುವು. ಇದನ್ನು ತೋರಿಸಿದೊಡನೆ ಅದೇ ಬಾಯಿ ‘8 ಜಿಬಿ ಧಾರಾಳವಾಯಿತು’ ಎನ್ನುತ್ತದೆ. ಅದೂ ನಿಲ್ಲುವ ಮಾತಲ್ಲ. 2023ರ ಆರ್‌ಟಿಎಕ್ಸ್ 4060 ಟಿಐ 8 ಜಿಬಿಯಲ್ಲೂ ಬಂತು, 16 ಜಿಬಿಯಲ್ಲೂ ಬಂತು; ಚಿಪ್ ಒಂದೇ, 128 ಬಿಟ್ ಮೆಮೊರಿ ಬಸ್ಸೂ ಒಂದೇ. ಗೇಮ್ ಬೇಡುವ ಮೆಮೊರಿ 8 ಜಿಬಿಯೊಳಗೆ ಇರುವ ತನಕ ಎರಡೂ ಹೆಚ್ಚುಕಡಿಮೆ ಸಮ. ಮೀರಿದರೆ ಚಿಕ್ಕದು ತಡವರಿಸುತ್ತದೆ. ಎಷ್ಟು ಸಾಕು ಎಂಬುದು ಆಡುವ ಗೇಮ್ ಮತ್ತು ಮಾನಿಟರಿನ ರೆಸಲ್ಯೂಷನ್ ಮೇಲೆ ನಿಂತಿದೆ. ಆ ಎರಡನ್ನೂ ಅವರು ಕೇಳಲೇ ಇಲ್ಲ.

ಎರಡನೆಯದು: ‘ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಯಾವ ಕಾರ್ಡಾದರೂ ಕೂರುತ್ತದೆ.’ ಮೂರು ಫ್ಯಾನಿನ ಹಲವು ಕಾರ್ಡ್‌ಗಳು 300 ಮಿ.ಮೀ. ದಾಟುವುದರಿಂದ ಚಿಕ್ಕ ಕೇಸಿನಲ್ಲಿ ಅದೂ ಖಾತ್ರಿಯಿಲ್ಲ. ಕೂತರೂ ಪೂರ್ತಿ ಓಡಬೇಕಲ್ಲ? 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ಸ್ಲಾಟಿನ ಡೇಟಾ ದಾರಿಗಳಲ್ಲಿ, ಅಂದರೆ ಲೇನ್‌ಗಳಲ್ಲಿ, ನಾಲ್ಕನ್ನೇ. 4.0 ಪೀಳಿಗೆಯ ಸ್ಲಾಟಿನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಸಾಗಿಸುವ ಅದು, 3.0 ಸ್ಲಾಟಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದರ 4 ಜಿಬಿ ಮೆಮೊರಿ ತುಂಬಿದಾಗ ನೆಚ್ಚಬೇಕಾದ ದಾರಿ ಅದೊಂದೇ. ಹಳೆಯ ಕಂಪ್ಯೂಟರಿಗೆಂದು ಅಗ್ಗದ ಕಾರ್ಡ್ ಹುಡುಕಿ ಬರುವವರಲ್ಲಿ ಅನೇಕರ ಬಳಿ ಇರುವುದು 3.0 ಸ್ಲಾಟೇ. ಯಾರಿಗೆ ಇದನ್ನು ಶಿಫಾರಸು ಮಾಡುತ್ತಾರೋ ಪೆಟ್ಟು ಬೀಳುವುದೂ ಅವರಿಗೇ. ಇನ್ನು ಇಂಟೆಲ್ ಆರ್ಕ್ ಕಾರ್ಡ್‌ಗಳು ಮದರ್‌ಬೋರ್ಡಿನಲ್ಲಿ ರಿಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಪೂರ್ತಿ ತಲುಪುವ ಸೌಲಭ್ಯ) ಇಲ್ಲದಿದ್ದರೆ ಸೊರಗುತ್ತವೆ.

ಮೂರನೆಯದು: ‘ಪವರ್ ಸಪ್ಲೈ ಮೇಲೆ 500 ವ್ಯಾಟ್ ಅಂತ ಬರೆದಿದೆಯಲ್ಲ, ಸಾಕು.’ ಆ ಅಂಕಿ ಎಲ್ಲ ವೋಲ್ಟೇಜ್‌ಗಳ ಒಟ್ಟು ಲೆಕ್ಕ. ಕಾರ್ಡಿಗೆ ಮುಖ್ಯವಾಗಿ ಬೇಕಾದದ್ದು 12 ವೋಲ್ಟಿನ ಲೆಕ್ಕ. ಅದು ಲೇಬಲ್ಲಿನಲ್ಲಿ ಬೇರೆಯಾಗಿಯೇ ಇರುತ್ತದೆ. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್, 6 ಪಿನ್ ವೈರ್ 75, 8 ಪಿನ್ 150. ವೈರ್ ಕಡಿಮೆ ಬಿದ್ದರೆ ಹಾರ್ಡ್‌ಡಿಸ್ಕಿನ ವೈರಿಗೆ ಅಡಾಪ್ಟರ್ ಸಿಕ್ಕಿಸಿ ಎನ್ನುತ್ತಾರೆ. 8 ಪಿನ್ ಬೇಡುವ ಕಾರ್ಡಿನ ಭಾರ ಹೊರಲೆಂದೇ ಮಾಡಿದ ಸಪ್ಲೈ ಆಗಿದ್ದರೆ, ತಯಾರಕರು ಆ 8 ಪಿನ್ ವೈರನ್ನೇ ಏಕೆ ಕೊಡಲಿಲ್ಲ? ಉತ್ತರವಿಲ್ಲ.

ಕೊನೆಯದು: ‘ಕೂರಿಸುವುದು ಎರಡು ನಿಮಿಷದ ಕೆಲಸ, ಕೆಟ್ಟರೆ ಕೂರಿಸಿದವರ ತಪ್ಪು.’ ಅಷ್ಟು ಸುಲಭದ ಕೆಲಸದಲ್ಲಿ ಅಷ್ಟು ದೊಡ್ಡ ತಪ್ಪು ಹೇಗೆ ಸಾಧ್ಯ? 2022ರಲ್ಲಿ ಆರ್‌ಟಿಎಕ್ಸ್ 4090ರ ವಿದ್ಯುತ್ ಕನೆಕ್ಟರ್‌ಗಳು ಕರಗಿದಾಗ, ಪೂರ್ತಿ ಒತ್ತಿ ಸಿಕ್ಕಿಸದಿರುವುದೇ ಸಾಮಾನ್ಯವಾಗಿ ಕಂಡ ದೋಷವೆಂದು ಎನ್‌ವಿಡಿಯಾ ಹೇಳಿತು. ತಪ್ಪು ಬಳಸಿದವರದು ಮಾತ್ರವಾಗಿದ್ದರೆ, ಮರುವರ್ಷವೇ, ಕನೆಕ್ಟರ್ ಪೂರ್ತಿ ಕೂರದೆ ವಿದ್ಯುತ್ ಹರಿಯದಂತೆ ಸೆನ್ಸ್ ಪಿನ್‌ಗಳನ್ನು ಗಿಡ್ಡ ಮಾಡಿದ ಪರಿಷ್ಕೃತ ವಿನ್ಯಾಸ ಏಕೆ ಬೇಕಾಯಿತು? ಕೆಲಸ ಸರಳ, ಆದರೆ ಕ್ರಮ ತಪ್ಪಬಾರದು: ಹಳೆಯ ಡ್ರೈವರ್ ತೆಗೆಯಿರಿ, ಸ್ವಿಚ್ ಆರಿಸಿ ವೈರ್ ಕೀಳಿ, ಕೇಸಿನ ಲೋಹ ಮುಟ್ಟಿ, ಸ್ಲಾಟಿನ ಚಿಲಕ ಒತ್ತಿ ಹಳೆಯದನ್ನು ಎತ್ತಿ. ಹೊಸದನ್ನು ಚಿಲಕ ಬೀಳುವ ತನಕ ಒತ್ತಿ, ಸ್ಕ್ರೂ ಬಿಗಿಯಿರಿ. ವಿದ್ಯುತ್ ಕನೆಕ್ಟರ್ ಸಿಕ್ಕಿಸಿ, ಸಂದು ಉಳಿದಿಲ್ಲವೆಂದು ಕಣ್ಣಾರೆ ನೋಡಿ. ಮಾನಿಟರ್ ಕೇಬಲ್ ಕಾರ್ಡಿಗೇ ಹಾಕಿ, ಮದರ್‌ಬೋರ್ಡಿಗಲ್ಲ. ಇದನ್ನು ಹೇಳಿಕೊಡದೆ ದೂರುವ ಹಕ್ಕು ಯಾರಿಗೂ ಇಲ್ಲ.

ನಾಲ್ಕು ವಾದಗಳಲ್ಲೂ ಬಿಟ್ಟುಹೋದದ್ದು ಒಂದೇ, ಕೊಳ್ಳುವವರ ಕಂಪ್ಯೂಟರ್. ಮಾನಿಟರ್ ಯಾವುದು, ಸ್ಲಾಟ್ ಯಾವ ಪೀಳಿಗೆಯದು, 12 ವೋಲ್ಟಿಗೆ ಎಷ್ಟು ವ್ಯಾಟ್, ಕೇಸಿನೊಳಗೆ ಎಷ್ಟು ಜಾಗ: ಇವನ್ನು ಬರೆದುಕೊಂಡೇ ಅಂಗಡಿಗೆ ಹೋಗಿ. ಕೇಳದೆ ಕಾರ್ಡ್ ಹೆಸರಿಸುವವರ ಕೈಗೆ ಹಣ ಕೊಡಬೇಡಿ.