ಹೊಳೆಯುವುದು ಯಾರ ಕಾರು, ಸವೆಯುವುದು ಯಾರ ಕೈ?

ದುಡಿಯುವವನು ಸಂಬಳ ಸಾಲದೆಂದು ಬಾಯಿ ಬಿಟ್ಟಾಗಲೆಲ್ಲ ಉಳ್ಳವರ ಬಳಿ ಒಂದು ಉಪದೇಶ ಸಿದ್ಧವಾಗಿರುತ್ತದೆ. ಹಿಂದೆ ‘ಖರ್ಚು ಕಡಿಮೆ ಮಾಡು’ ಎನ್ನುತ್ತಿದ್ದರು. ಈಗ ‘ಪಾಳಿ ಮುಗಿದ ಮೇಲೆ ಇನ್ನೊಂದು ಕೆಲಸ ಹಿಡಿ, ನಿನ್ನ ಹವ್ಯಾಸವನ್ನೇ ಕಾಸು ಮಾಡಿಕೊ’ ಎನ್ನುತ್ತಾರೆ. ಇದಕ್ಕೆ ಅವರು ತೋರಿಸುವ ನಿದರ್ಶನಗಳಲ್ಲಿ ಕಾರು, ಲಾರಿಗಳನ್ನು ತೊಳೆದು ಹೊಳಪು ಕೊಡುವ ಕಸುಬೂ ಒಂದು. ನಾವು ವಾಟರ್ ಸರ್ವಿಸ್ ಎಂದು ಕರೆಯುತ್ತಿದ್ದುದು ಬೆಳೆದು ‘ಡಿಟೇಲಿಂಗ್’ ಆಗಿದೆ.

ಬೆಂಗಳೂರಿನ ಉತ್ತರಕ್ಕಿರುವ ತಣಿಸಂದ್ರವನ್ನು ನೋಡಿ. ಒಂದು ಕಾಲದ ಹಳ್ಳಿ. ಪಕ್ಕದಲ್ಲಿ ಮಾನ್ಯತಾ ಟೆಕ್ ಪಾರ್ಕ್ ಎದ್ದಿತು. ರಸ್ತೆಯುದ್ದಕ್ಕೂ ವಸತಿ ಸಮುಚ್ಚಯಗಳು ಬಂದವು. ಅವುಗಳ ನೆಲಮಾಳಿಗೆಯಲ್ಲಿ ಸಾಲುಸಾಲಾಗಿ ಕಾರುಗಳು ನಿಂತವು. ಒಂದು ಕಾರಿನ ಸೆರಾಮಿಕ್ ಲೇಪನಕ್ಕೆ ಹತ್ತಾರು ಸಾವಿರ ರೂಪಾಯಿ ತೆರುವವರು, ಅದೇ ಕಾರನ್ನು ತಿಂಗಳಿಡೀ ನಸುಕಿನಲ್ಲಿ ಒರೆಸುವವನಿಗೆ ಕೊಡುವುದು ಕೆಲವು ನೂರು ರೂಪಾಯಿ. 1963ರಲ್ಲಿ ಲೋಹಿಯಾ ಅವರು ಲೋಕಸಭೆಯಲ್ಲಿ ಬಡವನ ದಿನದ ಮೂರಾಣೆಯನ್ನು ಪ್ರಧಾನಿಗಾಗಿ ಆಗುವ ದಿನದ ಖರ್ಚಿನ ಎದುರಿಗಿಟ್ಟು ಲೆಕ್ಕ ಕೇಳಿದರು. ಅಂಥ ಲೆಕ್ಕವನ್ನು ಇಂದು ಈ ನೆಲಮಾಳಿಗೆಗಳಲ್ಲಿ ಕೇಳಬೇಕಾಗಿದೆ.

ಕಸುಬನ್ನು ನಾವು ಹೀಗಳೆಯುವುದಿಲ್ಲ. ಅದು ಕಲಿತೇ ಬರಬೇಕಾದ ವಿದ್ಯೆ. ಸೋಪಿನ ನೀರಿಗೊಂದು, ಬಟ್ಟೆ ಜಾಲಿಸುವುದಕ್ಕೊಂದು ಎಂದು ಎರಡು ಬಕೆಟ್ ಇಡಬೇಕು. ಇಲ್ಲದಿದ್ದರೆ ಬಟ್ಟೆಗೆ ಹತ್ತಿದ ಮರಳೇ ಬಣ್ಣವನ್ನು ಗೀರುತ್ತದೆ. ಬೋರ್‌ವೆಲ್‌ನ ಗಡಸು ನೀರು ಬಿಸಿಲಲ್ಲಿ ಆರಿದರೆ ಬಿಳಿ ಕಲೆ ಕೂರುತ್ತದೆ. ಬಣ್ಣದ ಮೇಲಿನ ಪಾರದರ್ಶಕ ಪದರ ಬರೆಯುವ ಕಾಗದಕ್ಕಿಂತ ತೆಳುವು. ಪಾಲಿಶ್ ಯಂತ್ರವನ್ನು ಒಂದೇ ಕಡೆ ತುಸು ಹೊತ್ತು ಹೆಚ್ಚಾಗಿ ಒತ್ತಿದರೆ ಅಂಚು ಸುಟ್ಟುಹೋಗುತ್ತದೆ. ಲಾರಿಯದು ಇನ್ನೂ ಕಷ್ಟ: ಚಾಸಿಯ ಗ್ರೀಸು, ಕೆಸರು, ಕಾಂಕ್ರೀಟ್ ಗಾಡಿಗೆ ಮೆತ್ತಿದ ಸಿಮೆಂಟು. ಸಿಮೆಂಟು ಬಿಡಿಸಲು ಆಮ್ಲ ಬೇಕು. ಚಕ್ರ ತೊಳೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿರುತ್ತದೆ. ತೆಳು ಮಾಡಿದ್ದಾದರೆ ತಾಗಿದ ಕೂಡಲೇ ಉರಿಯದೆ, ಒಳಗಿಳಿದು ಎಲುಬನ್ನೂ ಕೆಡಿಸಬಲ್ಲದು. ಬರಿಗೈಯಲ್ಲಿ ಅದನ್ನು ಮುಟ್ಟುವ ಹುಡುಗನಿಗೆ ಕೈಗವಸು ಕೊಡುವವರು ಯಾರು?

ತನ್ನ ಕಾರನ್ನು ತಾನೇ ಭಾನುವಾರ ಉಜ್ಜಿ ಸಂತೋಷಪಡುವವನದು ಹವ್ಯಾಸ. ಅವನ ಮೇಲೆ ನಮಗೆ ಸಿಟ್ಟಿಲ್ಲ. ಆಯುಧ ಪೂಜೆಯ ದಿನ ಲಾರಿ ತೊಳೆದು ಹೂ ಮುಡಿಸುವ ಚಾಲಕನ ಅಕ್ಕರೆಯನ್ನೂ ಬಲ್ಲೆವು. ಆದರೆ ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಬೆಳಗಿನ ಐದಕ್ಕೆ ಇನ್ನೊಬ್ಬನ ಕಾರು ಒರೆಸುವವನದು ಹವ್ಯಾಸವೇ? ಸಾಲದ ಕೂಲಿಗೆ ತೇಪೆ ಹಚ್ಚುವ ಎರಡನೆಯ ಪಾಳಿ ಅದು.

1886ರಲ್ಲಿ ಚಿಕಾಗೋದ ಕಾರ್ಮಿಕರು ರಕ್ತ ಸುರಿಸಿದ್ದು ಎಂಟು ಗಂಟೆಯ ದುಡಿಮೆಗಾಗಿ. 1957ರ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಕೂಡಿ ಕನಿಷ್ಠ ಕೂಲಿಗೆ ಅಳತೆ ಹಾಕಿದರು: ದುಡಿಯುವವನ ಸಂಸಾರಕ್ಕೆ ಸಾಕಷ್ಟು ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ. 1991ರಲ್ಲಿ ಸುಪ್ರೀಂ ಕೋರ್ಟು ರೆಪ್ಟಕೋಸ್ ಬ್ರೆಟ್ ಮೊಕದ್ದಮೆಯಲ್ಲಿ ಮಕ್ಕಳ ಓದು, ಔಷಧಿ, ಮುಪ್ಪಿಗೆಂದು ಶೇಕಡಾ 25 ಸೇರಿಸಬೇಕೆಂದಿತು. ಒಂದೇ ಕೆಲಸದಲ್ಲಿ ಇದೆಲ್ಲ ಸಿಗಬೇಕೆಂಬುದೇ ಆ ಅಳತೆಯ ಅರ್ಥ. ಸಿಕ್ಕಿದ್ದರೆ ಬೆಳಗಿನ ಐದಕ್ಕೆ ಬಕೆಟ್ ಹಿಡಿಯುವವರು ಎಷ್ಟು ಜನರಿರುತ್ತಿದ್ದರು? ಕೂಲಿ ಹೆಚ್ಚಿಸುವ ಬದಲು ಹೊತ್ತು ಹೆಚ್ಚಿಸಿದರು. 2023ರಲ್ಲಿ ನಮ್ಮ ರಾಜ್ಯವೇ ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ತೆರೆಯಿತು. ಹನ್ನೆರಡು ಗಂಟೆ ದುಡಿದವನಿಗೆ ‘ಉಪಕಸುಬು ಹಿಡಿ’ ಎನ್ನುವ ನಾಲಿಗೆಗೆ ನಾಚಿಕೆಯಿಲ್ಲವೇ?

ಇನ್ನು ನೀರಿನ ಮಾತು. 2024ರ ಮಾರ್ಚಿನಲ್ಲಿ ಬೆಂಗಳೂರು ಬಾಯಾರಿದಾಗ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವಿಟ್ಟಿತು. ನಿಷೇಧ ಸರಿಯೇ. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದ ಕಾವೇರಿಯನ್ನು ಕಾರಿನ ಮೇಲೆ ಸುರಿಯುವುದು ಪಾಪ. ಆದರೆ ದಂಡದ ಭಯ ಬಕೆಟ್ ಹಿಡಿದವನಿಗೆ, ಹೊಳಪು ಕಾರಿನವನಿಗೆ! ತಣಿಸಂದ್ರದ ಪಕ್ಕದಲ್ಲೇ ಜಕ್ಕೂರಿನ ಕೊಳಚೆ ಶುದ್ಧೀಕರಣ ಘಟಕದ ನೀರು ಜಕ್ಕೂರು ಕೆರೆ ತುಂಬಿ ರಾಚೇನಹಳ್ಳಿ ಕೆರೆಗೆ ಹರಿಯುತ್ತದೆ. ಅಂಥ ನೀರನ್ನು ಪ್ರತಿ ವಾಟರ್ ಸರ್ವಿಸಿಗೂ ಅಸಲು ದರಕ್ಕೆ ಒದಗಿಸುವುದು ಸರ್ಕಾರಕ್ಕೆ ಅಸಾಧ್ಯವೇ?

ಸಣ್ಣ ವರ್ತಕ ಬಂಧುಗಳೇ, ಇದು ಕೂಲಿಯವನ ಗೋಳು ಮಾತ್ರವಲ್ಲ. ವಾಟರ್ ಸರ್ವಿಸ್ ಇಟ್ಟವನು ಬಾಡಿಗೆ, ಕರೆಂಟು, ಟ್ಯಾಂಕರಿನ ಬಿಲ್ಲು ಕಟ್ಟಿ ಹೈರಾಣಾಗಿದ್ದಾನೆ. ದೊಡ್ಡ ಕಂಪನಿಯ ಫಲಕವೂ ಮೊಬೈಲ್ ಆ್ಯಪೂ ಬಂದು ಗಿರಾಕಿಯನ್ನು ಕಸಿಯುತ್ತಿವೆ. ನಾಳೆ ನಿಮ್ಮ ಕಿರಾಣಿ ಅಂಗಡಿಗೂ ಇದೇ ಗತಿ.

ಕಾನೂನುಗಳೇನೋ ಬಂದಿವೆ. ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರಿಗೆ 2024ರಲ್ಲಿ, ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗೆ 2025ರಲ್ಲಿ ರಾಜ್ಯ ಕಾಯ್ದೆ ಮಾಡಿತು. ಒಳ್ಳೆಯದೇ. ಆದರೆ ಗ್ಯಾರೇಜಿಗೂ ಸೇರದ, ಆ್ಯಪಿಗೂ ಸೇರದ, ನೆಲಮಾಳಿಗೆಯ ಆ ಒಂಟಿ ದುಡಿಮೆಗಾರನ ಹೆಸರನ್ನು ಯಾವ ರಿಜಿಸ್ಟರಿನಲ್ಲಿ ಬರೆಯುತ್ತೀರಿ?

ನಮ್ಮ ಬೇಡಿಕೆ ಇಷ್ಟು: ಒಂದು ಪಾಳಿಯ ಕೂಲಿಯಲ್ಲಿ ಒಂದು ಸಂಸಾರ ಬದುಕಬೇಕು. ವಾಹನ ತೊಳೆಯುವ, ಪಾಲಿಶ್ ಮಾಡುವ ಕೆಲಸವನ್ನು ಕುಶಲ ಕೆಲಸವೆಂದು ಮಾನ್ಯಮಾಡಿ ಕನಿಷ್ಠ ಕೂಲಿ ಕಟ್ಟಬೇಕು. ಕೈಗವಸು, ಕನ್ನಡಕ ಕೊಡದೆ ಆಮ್ಲ ಮುಟ್ಟಿಸುವುದು ಅಪರಾಧವಾಗಬೇಕು. ಸಂಸ್ಕರಿಸಿದ ನೀರು ಅಸಲು ದರಕ್ಕೆ ಸಿಗಬೇಕು. ಕೆಲಸಗಾರರೇ ಸಹಕಾರ ಸಂಘ ಕಟ್ಟಲು ಸಾಲ, ಜಾಗ ಕೊಡಬೇಕು.

ಬೆಂಗಳೂರಿನ ಮಾತು ನಮಗೇಕೆ ಎನ್ನಬೇಡಿ. ಮಿಲ್ಲು ಮುಚ್ಚಿದಾಗ ನಮ್ಮ ಊರುಗಳ ಮಕ್ಕಳೇ ಬಸ್ಸು ಹತ್ತಿ ಅಲ್ಲಿಗೆ ಹೋದರು. ಅವರ ಕೈ ಸವೆಯುತ್ತಿದೆ. ಸಂಘಟಿತರಾಗದ ಹೊರತು ಬಿಡುವೂ ಇಲ್ಲ, ಹವ್ಯಾಸವೂ ಇಲ್ಲ.